ಮೊದಲು ಆ ಉಪ್ಪು ಕಾಗದ ಕೆಳಗಿಡಿ

ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ಎರಡು ವರ್ಷದ ಹಿಂದೆ, ಖಂಡೆ ಪೂಜೆಯ ಹಿಂದಿನ ದಿನ, ಕಿನ್ನಾಳದ ಅಜ್ಜಿ ಮನೆಯ ಅಂಗಳದಲ್ಲಿ ಕೂತು ನಾನು ಒಂದು ಹಳೇ ಖಡ್ಗವನ್ನ ಉಪ್ಪು ಕಾಗದ ಹಾಕಿ ತಿಕ್ಕಿದೆ. ಮೊದಲು ಒರಟು ಕಾಗದ, ಆಮೇಲೆ ನುಣುಪು, ಕೊನೆಗೆ ಮಾವನ ಬೈಕಿಗೆ ಹಚ್ಚೋ ಪಾಲಿಶ್. ಊಟ ಮುಗಿಸಿ ಕೂತವನು ಎದ್ದಾಗ ದೀಪ ಹಚ್ಚೋ ಹೊತ್ತಾಗಿತ್ತು. ಅಲಗಿನಲ್ಲಿ ನನ್ನ ಮುಖ ಕಾಣ್ತಿತ್ತು. ಮಾವ ಖುಷಿಯಾಗಿ, "ಈಗ ನೋಡ, ಹೆಂಗ್ ಹೊಳಿಯಾಕತ್ತೈತಿ! ಇಂಜಿನಿಯರ್ ಆಗಾವ್ನ ಕೈ ಅಂದ್ರ ಕೈ" ಅಂದರು. ಆಗ ನಾನಿನ್ನೂ ಪಿಯುಸಿ. ಹೊಗಳಿಕೆ ತಲೆಗೇರಿತ್ತು.

(ಬೆಂಗಳೂರು ಮೈಸೂರು ಕಡೆಯವರಿಗೆ: ನೀವು ಆಯುಧ ಪೂಜೆ ಅನ್ನೋದನ್ನ ನಮ್ಮ ಕಡೆ ಖಂಡೆ ಪೂಜೆ ಅಂತಾರೆ. ಖಂಡೆ ಅಂದರೆ ಖಡ್ಗ. ಈಗ ಆ ಜಾಗದಲ್ಲಿ ಟ್ರ್ಯಾಕ್ಟರ್, ಪಂಪ್‌ಸೆಟ್, ಲ್ಯಾಪ್‌ಟಾಪ್ ಇರ್ತವೆ, ಹೆಸರು ಮಾತ್ರ ಹಾಗೇ ಉಳಿದಿದೆ. ಅಜ್ಜಿ ಮನೇಲಿ ನಿಜವಾದ ಖಂಡೆಯೇ ಇತ್ತು ಅನ್ನೋದು ನನಗೆ ಚಿಕ್ಕಂದಿನಿಂದ ಹೆಮ್ಮೆ.)

ಹೋದ ವರ್ಷ ಫಸ್ಟ್ ಸೆಮ್‌ನಲ್ಲಿ ಮೆಟೀರಿಯಲ್ಸ್ ಕ್ಲಾಸ್ ಶುರುವಾದಾಗ ಖಡ್ಗ ನೆನಪಾಯ್ತು. ಅದು ಎಲ್ಲಿಯದು, ಯಾವ ಕಾಲದ್ದು ಅಂತ ಕಂಡುಹಿಡಿಯೋಣ ಅನ್ನಿಸ್ತು. ಮನೆಯವರ ಉತ್ತರ ರೆಡಿ ಇತ್ತು: "ಟಿಪ್ಪು ಕಾಲದ್ದು." ನಮ್ಮ ಸೀಮೆಯಲ್ಲಿ ಹಳೇ ಕಲ್ಲು ಸಿಕ್ಕರೆ ಅದು ಹಕ್ಕ-ಬುಕ್ಕರದ್ದು, ಹಳೇ ಕಬ್ಬಿಣ ಸಿಕ್ಕರೆ ಟಿಪ್ಪುದು. ಪೂರ್ತಿ ಸುಳ್ಳು ಅಂತಲೂ ಹೇಳೋಕಾಗಲ್ಲ. ಕೊಪ್ಪಳದ ಕೋಟೆಯನ್ನ ಟಿಪ್ಪು 1786ರಲ್ಲಿ ಪಾಳೇಗಾರನಿಂದ ಪಡೆದು ಫ್ರೆಂಚ್ ಇಂಜಿನಿಯರುಗಳ ಕೈಲಿ ಭದ್ರಪಡಿಸಿದ. 1790ರಲ್ಲಿ ಬ್ರಿಟಿಷರೂ ನಿಜಾಮನೂ ಸೇರಿ ಅದಕ್ಕೆ ಮುತ್ತಿಗೆ ಹಾಕಿದರು. ಮತ್ತೆ 1858ರಲ್ಲಿ ಮುಂಡರಗಿ ಭೀಮರಾಯ ಅದೇ ಕೋಟೆಯಲ್ಲಿ ಹೋರಾಡಿ ಸತ್ತ. ಅಂದರೆ ಈ ನೆಲದಲ್ಲಿ ಖಡ್ಗ ಹಿಡಿದವರು ಎಷ್ಟೋ ಜನ, ಎಷ್ಟೋ ಸಲ ಬಂದು ಹೋಗಿದ್ದಾರೆ. ಅವರಲ್ಲಿ ಯಾರ ಕೈಯಿಂದ ಬಿದ್ದದ್ದು ಇದು?

ಫೋಟೋ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದೆ. ಮೊದಲ ಸಲ ಟರ್ಕಿ ಅಂತು. ಬೇರೆ ಕೋನದಿಂದ ಹಾಕಿದರೆ ಬರ್ಮಾ. ಹಿಡಿಕೆ ಬಿಟ್ಟು ಅಲಗು ಮಾತ್ರ ಹಾಕಿದಾಗ ಇಂಡೋನೇಷ್ಯಾ! ಕಿನ್ನಾಳದ ಅಡುಗೆಮನೆ ಅಟ್ಟದ ಮೇಲೆ ಜಾವಾದ ಖಡ್ಗ ಇದೆ ಅಂತ ಹಾಸ್ಟೆಲ್ ಹುಡುಗರಿಗೆಲ್ಲ ಎರಡು ದಿನ ಹೇಳಿಕೊಂಡು ಓಡಾಡಿದೆ. ಮೂರನೇ ದಿನ ಓದಿದ ಮೇಲೆ ಗೊತ್ತಾಯ್ತು, ಅದು ಜಾವಾದ್ದೂ ಅಲ್ಲ, ಬರ್ಮಾದ್ದೂ ಅಲ್ಲ. ಹಿಡಿಕೆಯ ತುದಿಯಲ್ಲಿ ಚಿಕ್ಕ ತಟ್ಟೆ, ಕೈಗೆ ಅಡ್ಡಲಾಗಿ ಎರಡು ಮೊಂಡು ತೋಳು, ಸ್ವಲ್ಪವೇ ಬಾಗಿದ ಒಂದೇ ಬಾಯಿಯ ಅಲಗು. ಇದು ನಮ್ಮ ದೇಶದ ಎಲ್ಲ ಮ್ಯೂಸಿಯಂಗಳಲ್ಲೂ ಸಾಲಾಗಿ ನೇತಾಡೋ ತಲ್ವಾರ್. ಬರ್ಮಾದ 'ಧಾ'ಗೆ ಕೈಗೆ ಅಡ್ಡ ಬರೋ ಆ ತೋಳೇ ಇರಲ್ಲ.

ಆದರೆ ತಲ್ವಾರ್ ಅಂದ ತಕ್ಷಣ ಪ್ರಶ್ನೆ ಮುಗಿಯಲ್ಲ, ಮಜಾ ಅಲ್ಲಿಂದಲೇ ಶುರು. ಈ ಜಾತಿಯ ಖಡ್ಗದ ಹಿಡಿಕೆ ಬೇರೆ, ಅಲಗು ಬೇರೆ. ಅಲಗಿನ ಹಿಂಬದಿಯಲ್ಲಿ ಮೊಳೆಯ ಹಾಗೆ ಒಂದು ಬಾಲ ಇರುತ್ತೆ, ಅದನ್ನ ಟೊಳ್ಳು ಹಿಡಿಕೆಯೊಳಗೆ ತೂರಿಸಿ ಅರಗಿನಂಥ ಅಂಟು ತುಂಬಿ ಕೂರಿಸ್ತಿದ್ರು. ಹಿಡಿಕೆ ಕಾಯಿಸಿದರೆ ಅಂಟು ಕರಗಿ ಅಲಗು ಕೈಗೆ ಬರುತ್ತೆ. ಹಾಗಾಗಿ ಒಳ್ಳೆಯ ಅಲಗು ಒಂದು ಹಿಡಿಕೆಯಿಂದ ಇನ್ನೊಂದಕ್ಕೆ, ಒಬ್ಬ ಯಜಮಾನನಿಂದ ಇನ್ನೊಬ್ಬನಿಗೆ ಹೋಗ್ತಾನೇ ಇರ್ತಿತ್ತು. ದಖ್ಖನ್ನಿನಲ್ಲಿ 'ಫಿರಂಗಿ' ಅಂತ ಒಂದು ಜಾತಿಯ ಖಡ್ಗವೇ ಇದೆ: ಅಲಗು ಯೂರೋಪಿನದು ಅಥವಾ ಅದರ ನಕಲು, ಹಿಡಿಕೆ ನಮ್ಮದು. ಪೋರ್ಚುಗೀಸರ ಜೊತೆ ಬಂದ ಅಲಗುಗಳಿಗೆ ಎಷ್ಟು ಬೇಡಿಕೆ ಇತ್ತಂದ್ರೆ, ಇಲ್ಲಿನ ಕಮ್ಮಾರರು ತಾವು ಮಾಡಿದ ಅಲಗಿನ ಮೇಲೂ ಆ ಪರದೇಶದ ಮುದ್ರೆಗಳನ್ನ ಒತ್ತೋಕೆ ಶುರು ಮಾಡಿದ್ರು. ಡೂಪ್ಲಿಕೇಟ್ ಬ್ರ್ಯಾಂಡ್ ಅನ್ನೋದು ಹೊಸ ಸಂಗತಿ ಏನಲ್ಲ!

ಹಾಗಾದರೆ ಒಂದು ಖಡ್ಗ ಎಲ್ಲಿ ಹುಟ್ಟಿತು ಅಂತ ಹೇಗೆ ಹೇಳೋದು? ಹಿಡಿಕೆಯ ಆಕಾರ ನೋಡಿ ಹಿಡಿಕೆ ಎಲ್ಲಿಯದು ಅಂತ ಹೇಳಬಹುದು. ಅಲಗಿನ ಊರು ಹೇಳಬೇಕಾದರೆ ಅದರ ಮೈ ನೋಡಬೇಕು. ಹಿಡಿಕೆಯ ಹತ್ತಿರ ಒತ್ತಿದ ಸಣ್ಣ ಮುದ್ರೆ, ಚುಕ್ಕೆ, ಅರ್ಧಚಂದ್ರ, ಮಾಸಿಹೋದ ಅಕ್ಷರ, ಬಂಗಾರದ ತಂತಿ ಕೂರಿಸೋಕೆ ಗೀರಿದ ಗೀರುಗಳು. ಇವೆಲ್ಲ ಇರೋದು ಮೇಲಿನ ಕೂದಲೆಳೆಯಷ್ಟು ದಪ್ಪದಲ್ಲಿ.

ನಾನು ತಿಕ್ಕಿ ತೆಗೆದದ್ದು ಅದೇ ದಪ್ಪ.

ಇದು ನನಗೆ ಹೊಳೆದದ್ದು ಅಮ್ಮನ ಫೋನಿನಲ್ಲಿ ಒಂದು ಹಳೇ ಫೋಟೋ ಸಿಕ್ಕಾಗ. ನಾಲ್ಕೈದು ವರ್ಷದ ಹಿಂದಿನ ಪೂಜೆಯ ಫೋಟೋ. ಚೆಂಡುಹೂ, ಕುಂಕುಮ, ನಡುವೆ ಕಂದು ಬಣ್ಣದ ಖಡ್ಗ. ಹಿಡಿಕೆಯಿಂದ ಎರಡು ಬೆರಳು ಕೆಳಗೆ ಅಲಗಿನ ಮೇಲೆ ಏನೋ ಕಪ್ಪು ಗುರುತು. ನಾನು ಅದನ್ನ ಆಗ ತುಕ್ಕು ಅಂದುಕೊಂಡಿದ್ದೆ. ಆ ಗುರುತು ಹೋಗಲಿಲ್ಲ ಅಂತ ಅಲ್ಲಿ ಇನ್ನೂ ಒತ್ತಿ ತಿಕ್ಕಿದ್ದು ಕೂಡ ನೆನಪಿದೆ.

ಇಲ್ಲಿಗೆ ನನ್ನ ಕಥೆ ಬಿಟ್ಟು ವಿಷಯಕ್ಕೆ ಬರ್ತೀನಿ. ನನ್ನ ಅಭಿಪ್ರಾಯ ಇಷ್ಟೇ: ಹಳೇ ಆಯುಧದ ರಿಪೇರಿ ಅಂತ ನಾವು ಮಾಡೋ ಕೆಲಸಗಳಲ್ಲಿ ಬಹುಪಾಲು ಸಾಕ್ಷಿನಾಶ. ಅದರಲ್ಲೂ ನಮ್ಮಂಥ ಇಂಜಿನಿಯರಿಂಗ್ ಹುಡುಗರ ಕೈ ಸ್ವಲ್ಪ ಜಾಸ್ತಿಯೇ ಅಪಾಯ, ಯಾಕಂದ್ರೆ ನಮ್ಮ ಹತ್ತಿರ ಗ್ರೈಂಡರ್ ಇದೆ, ಧೈರ್ಯ ಇದೆ, ಯೂಟ್ಯೂಬ್ ಇದೆ. ತುಕ್ಕು ಹಿಡಿದ ಕತ್ತಿಯನ್ನ ಹತ್ತು ನಿಮಿಷದಲ್ಲಿ ಕನ್ನಡಿ ಮಾಡೋ ವಿಡಿಯೋಗಳು ನೋಡೋಕೆ ಎಷ್ಟು ಹಿತ ಅಂತ ನನಗೂ ಗೊತ್ತು.

ಹುಟ್ಟೂರು ಗುರುತಿಸೋದು ಮೊದಲು, ರಿಪೇರಿ ಆಮೇಲೆ. ಈ ಕ್ರಮ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ, ಮತ್ತು ತಪ್ಪದಿದ್ದರೆ ಏನು ಸಿಗುತ್ತೆ ಅನ್ನೋದಕ್ಕೆ, ಗೂಗಲ್ ನನ್ನನ್ನ ತಪ್ಪಾಗಿ ಕಳಿಸಿದ ಜಾವಾದಲ್ಲೇ ಒಳ್ಳೇ ಉದಾಹರಣೆ ಸಿಕ್ತು. ಅಲ್ಲಿ 1825ರಿಂದ 1830ರವರೆಗೆ ಡಚ್ಚರ ವಿರುದ್ಧ ಯುದ್ಧ ಮಾಡಿದ ರಾಜಕುಮಾರ ದಿಪೊನೆಗೊರೊ. ಅವನ ಕ್ರಿಸ್, ಅಂದರೆ ಆ ಕಡೆಯ ಬಾಕು, 1831ರಲ್ಲಿ ಡಚ್ ರಾಜನಿಗೆ ಕಾಣಿಕೆಯಾಗಿ ಹೋಯ್ತು. ಆಮೇಲೆ ಮ್ಯೂಸಿಯಂನಲ್ಲಿ ನೂರಾರು ಕ್ರಿಸ್‌ಗಳ ನಡುವೆ ಯಾವುದು ಅವನದು ಅಂತಲೇ ತಿಳಿಯದ ಹಾಗಾಯ್ತು. ಕೊನೆಗೆ ಲೈಡನ್ನಿನ ಮ್ಯೂಸಿಯಂನಲ್ಲಿದ್ದ ಒಂದನ್ನ ಅದೇ ಅಂತ ತೀರ್ಮಾನಿಸಿದ್ದು ಹಳೇ ಕಾಗದಪತ್ರಗಳ ಮೇಲೆ. ಅವನ ಸೇನಾಪತಿ ಸೆಂತೊಟ್ ಜಾವಾ ಭಾಷೆಯಲ್ಲಿ ಬರೆದ ಪತ್ರ, ಚಿತ್ರಕಾರ ರಾದೆನ್ ಸಾಲೆ ಬರೆದಿಟ್ಟ ಟಿಪ್ಪಣಿ. ಆ ವರ್ಣನೆಗಳನ್ನ ಅಲಗಿನ ಜೊತೆ ಹೋಲಿಸಿ ನೋಡಿದರು. 2020ರ ಮಾರ್ಚ್‌ನಲ್ಲಿ ಅದು ಇಂಡೋನೇಷ್ಯಾಕ್ಕೆ ವಾಪಸ್ ಹೋಯ್ತು. ಹೋದ ಮೇಲೂ ಅಲ್ಲಿನ ಕೆಲವರು "ಇದರ ಆಕಾರ ಆ ಹೆಸರಿಗೆ ಹೊಂದಲ್ಲ" ಅಂತ ತಕರಾರು ತೆಗೆದರು. ತೆಗೀಲಿ ಬಿಡಿ. ವಾದ ಮಾಡೋಕೆ ಅಲಗಿನ ಮೇಲೆ ಏನಾದರೂ ಉಳಿದಿದೆಯಲ್ಲ! ನನ್ನಂಥವನೊಬ್ಬ ಲೈಡನ್ನಿನಲ್ಲಿ ಕೆಲಸಕ್ಕಿದ್ದು, ರಜೆಯಲ್ಲಿ ಬೇಜಾರಾಗಿ ಪಾಲಿಶ್ ಹಾಕಿಬಿಟ್ಟಿದ್ದರೆ ಜಗಳಕ್ಕೂ ಗತಿ ಇರ್ತಿರಲಿಲ್ಲ.

ಕ್ರಿಸ್ ಬಗ್ಗೆ ಇನ್ನೊಂದು ಹೇಳಲೇಬೇಕು. ಜಾವಾದಲ್ಲೂ ವರ್ಷಕ್ಕೊಮ್ಮೆ ಆಯುಧ ತೊಳೆಯೋ ಪದ್ಧತಿ ಇದೆ, ಅವರ ಸುರೊ ತಿಂಗಳಲ್ಲಿ. ನಿಂಬೆರಸ ಮತ್ತು ಪಾಷಾಣ, ಅಂದರೆ ಆರ್ಸೆನಿಕ್, ಹಾಕಿ ತೊಳೀತಾರೆ. ಕಬ್ಬಿಣ ಕಪ್ಪಾಗುತ್ತೆ, ನಿಕಲ್ ಇರೋ ಪದರ ಬೆಳ್ಳಗೆ ಉಳಿಯುತ್ತೆ, ಅಲಗಿನೊಳಗಿನ ಚಿತ್ತಾರ ಎದ್ದು ಕಾಣುತ್ತೆ. ಕೆಲವು ಕ್ರಿಸ್‌ಗಳಿಗೆ ಪ್ರಂಬಾನನ್ ಬಳಿ ಬಿದ್ದ ಉಲ್ಕೆಯ ಕಬ್ಬಿಣ ಬಳಸಿದ್ದರಂತೆ. ಅಲ್ಲಿನ ಸುಕುಹ್ ಗುಡಿಯಲ್ಲಿ 15ನೇ ಶತಮಾನದ ಒಂದು ಕೆತ್ತನೆ ಇದೆ: ಭೀಮ ಕಮ್ಮಾರನಾಗಿ ಆಯುಧ ಬಡೀತಾನೆ, ಅರ್ಜುನ ತಿದಿ ಒತ್ತುತ್ತಾನೆ, ನಡುವೆ ಗಣಪ ಕುಣೀತಾನೆ. ಆ ಕಾಲಕ್ಕೆ ಇಲ್ಲಿ ನಮ್ಮ ಪಕ್ಕದ ಹಂಪಿ ಮೆರೀತಿತ್ತು. ಇದನ್ನ ಅಜ್ಜಿಗೆ ತೋರಿಸಿದೆ. "ಭೀಮಗ ಒಲಿ ಹಚ್ಚಾಕ ಬರ್ತಿತ್ತು, ವಿರಾಟನ ಮನ್ಯಾಗ ಅಡಗಿ ಮಾಡ್ಯಾನಲ್ಲ" ಅಂದಳು.

ಅವರ ತೊಳೆಯುವಿಕೆಯಲ್ಲೂ ಪ್ರತಿವರ್ಷ ಸ್ವಲ್ಪ ಲೋಹ ಹೋಗುತ್ತೆ. ತೊಳೆದು ತೊಳೆದು ಸಣಕಲಾದ ಹಳೇ ಅಲಗುಗಳಿವೆ. ಆದರೂ ಅದು ಕಲಿತವರ ಕೈಯ ಕೆಲಸ, ಅಲಗಿನ ಚಿತ್ತಾರ ತೋರಿಸೋಕೆ ಮಾಡೋದು. ನಾವು ಮಾಡೋದು ಚಿತ್ತಾರ ಅಳಿಸಿ ಹೊಳಪು ತರೋ ಕೆಲಸ.

ಮತ್ತೆ ನಮ್ಮದರಲ್ಲಿ ಚಿತ್ತಾರ ಇಲ್ಲವಾ? ಜಗತ್ತಿನ ಲೋಹಶಾಸ್ತ್ರದ ಪುಸ್ತಕಗಳಲ್ಲೆಲ್ಲ ಇರೋ 'ವೂಟ್ಜ್' ಅನ್ನೋ ಪದ ನಮ್ಮ 'ಉಕ್ಕು' ಕೆಟ್ಟು ಆದದ್ದು ಅಂತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಇದರ ಬಗ್ಗೆ ಪ್ರಬಂಧ ಓದಿದ. ಆಮೇಲೆ ಮೈಕೆಲ್ ಫ್ಯಾರಡೆ, ಹೌದು ನಮ್ಮ ಇಂಡಕ್ಷನ್ ಫ್ಯಾರಡೆಯೇ, ಇದರ ಹಾಗೆ ಮಾಡೋಕೆ ಪ್ರಯೋಗ ಮಾಡಿದ. ಮುಚ್ಚಿದ ಮೂಸೆಯಲ್ಲಿ ಕರಗಿಸಿದ, ಶೇಕಡಾ ಒಂದೂವರೆಯ ಆಸುಪಾಸು ಇಂಗಾಲ ಇರೋ ಉಕ್ಕು. ಅದನ್ನ ಹದವಾದ ಬಿಸಿಯಲ್ಲಿ ಮತ್ತೆ ಮತ್ತೆ ಬಡಿದಾಗ ಸಿಮೆಂಟೈಟ್ ಕಣಗಳು ಪಟ್ಟೆಪಟ್ಟೆಯಾಗಿ ನಿಲ್ತವೆ, ಅದೇ ನೀರಿನ ಅಲೆಯಂಥ ಚಿತ್ತಾರ. ಅದಿರಿನಲ್ಲಿ ಚೂರೇ ಚೂರು ವನೇಡಿಯಂ ಇದ್ದದ್ದು ಇದಕ್ಕೆ ಕಾರಣ ಅಂತ 1990ರ ದಶಕದಲ್ಲಿ ವರ್‌ಹೋವನ್ ಮತ್ತು ಪೆಂಡ್ರೆ ತೋರಿಸಿದರು. 2006ರಲ್ಲಿ ಡ್ರೆಸ್ಡೆನ್‌ನವರು ಅಂಥ ಒಂದು ಖಡ್ಗದಲ್ಲಿ ಕಾರ್ಬನ್ ನ್ಯಾನೊಟ್ಯೂಬ್ ಸಿಕ್ಕಿವೆ ಅಂತ 'ನೇಚರ್'ನಲ್ಲಿ ಬರೆದರು. ಅಟ್ಟದ ಮೇಲಿನ ತುಕ್ಕು ಕಬ್ಬಿಣದಲ್ಲಿ ಇಷ್ಟೆಲ್ಲ ಇರಬಹುದು.

ಇಲ್ಲಿ ಒಂದು ಸಮಾಧಾನ ಇದೆ, ಮೆಟಲರ್ಜಿ ಸೀನಿಯರ್ ಒಬ್ಬರು ಹೇಳಿದ್ದು. ಅಜ್ಜಿ ಮನೆ ಖಡ್ಗ ನಿಜವಾಗಿ ಆ ಉಕ್ಕಿನದೇ ಆಗಿದ್ದರೆ ಚಿತ್ತಾರ ಹೋಗಿಲ್ಲ, ಅದು ಅಲಗಿನ ಒಳಗೆಲ್ಲ ಇರುತ್ತೆ. ತಿಳಿದವರು ಹದವಾಗಿ ಎಚ್ ಮಾಡಿದರೆ ಮತ್ತೆ ಕಾಣಿಸಬಹುದು. ಗ್ರೈಂಡರ್ ಹಿಡಿದಿದ್ದರೆ ಕಥೆ ಬೇರೆ, ಬಾಯಿ ನೀಲಿಯಾಗುವಷ್ಟು ಕಾದರೆ ಅಲ್ಲಿನ ಹದವೇ ಹೋಗುತ್ತೆ. ಪುಣ್ಯಕ್ಕೆ ನನ್ನ ಕೈಗೆ ಸಿಕ್ಕಿದ್ದು ಉಪ್ಪು ಕಾಗದ ಮಾತ್ರ. ಆದರೆ ಮುದ್ರೆ ಮೇಲ್ಮೈಯಲ್ಲಿತ್ತು. ಅದು ಯಾವ ಲ್ಯಾಬ್‌ಗೆ ಹೋದರೂ ಬರಲ್ಲ.

ನಮ್ಮ ರಾಜ್ಯದಲ್ಲೇ ಇನ್ನೊಂದು ಪ್ರಸಂಗ. ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದಲ್ಲಿ 2002ರಲ್ಲಿ ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಬರೀ ಮದ್ದಿನ ಗುಂಡು ಅಂತ ಎತ್ತಿಟ್ಟಿದ್ದರು, ಅವು ಮೈಸೂರಿನ ರಾಕೆಟ್‌ಗಳು ಅಂತ ತಿಳಿದದ್ದು ವರ್ಷಗಳ ಮೇಲೆ. 2018ರಲ್ಲಿ ಅದೇ ಊರಿನ ಹಳೇ ಬಾವಿಯೊಂದರ ಮಣ್ಣು ಮದ್ದಿನ ವಾಸನೆ ಹೊಡೀತಿದೆ ಅಂತ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ವಾಸನೆ! ಮಣ್ಣು ಕೊಡವಿ, ತೊಳೆದು, ಬಣ್ಣ ಬಳಿದು ಸಾಲಾಗಿ ಜೋಡಿಸೋ ಆತುರ ಅಲ್ಲಿ ಯಾರಿಗೂ ಇರಲಿಲ್ಲ ಅನ್ನೋದು ನಮ್ಮ ಅದೃಷ್ಟ.

ಇನ್ನು ಒರೆಯ ವಿಷಯ. ಅಲಗನ್ನ ನಾನು ಹಾಳು ಮಾಡಿದೆ ಅಂತ ಗೊತ್ತಾದ ಮೇಲೂ ಮಾವನಿಗೆ ಉತ್ಸಾಹ ಇಳಿದಿರಲಿಲ್ಲ. ಮರದ ಒರೆ ಸೀಳಿತ್ತು, ಮೇಲಿನ ಬಟ್ಟೆ ಕಿತ್ತಿತ್ತು, ಹಿಡಿಕೆಯ ಹತ್ತಿರ ಹಳೇ ಬಣ್ಣ ಉದುರುತ್ತಿತ್ತು. "ಫೆವಿಕ್ವಿಕ್ ಹಾಕಿ ಮ್ಯಾಲ ಗೋಲ್ಡನ್ ಸ್ಪ್ರೇ ಹೊಡ್ಸಿಬಿಡೂಣು" ಅಂದರು. ಕಿನ್ನಾಳದಲ್ಲಿ ಕೂತು ಈ ಮಾತು! ಚಿತ್ರಗಾರರ ಓಣಿ ಐದು ನಿಮಿಷದ ದಾರಿ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನ ಬರೆದವರು ತಮ್ಮ ಹಿರಿಯರು ಅಂತ ಹೇಳಿಕೊಳ್ಳೋ ಜನ ಅವರು. ಅವರ ಗೊಂಬೆಗೆ ಜಿಐ ಟ್ಯಾಗ್ ಇದೆ. (ಚನ್ನಪಟ್ಟಣದ ಥರದ್ದಲ್ಲ. ಅಲ್ಲಿ ತಿರುಗೋ ಮರಕ್ಕೆ ಅರಗು ಹಚ್ತಾರೆ, ಇಲ್ಲಿ ಕೆತ್ತಿ, ಅಂಟಿಸಿ, ಬಣ್ಣ ಬರೀತಾರೆ. ಎಲ್ಲರೂ ಕೇಳ್ತಾರೆ, ಅದಕ್ಕೆ ಹೇಳಿದೆ.) ಹಗುರ ಮರದ ತುಂಡುಗಳನ್ನ ಹುಣಸೆ ಬೀಜದ ಅಂಟಿನಿಂದ ಕೂಡಿಸ್ತಾರೆ. ಗೋಣಿನಾರಿನ ಪುಡಿ, ಮರದ ಹೊಟ್ಟು, ಅದೇ ಅಂಟು ಕಲಸಿ 'ಕಿಟ್ಟ' ಮಾಡಿ ಸಂದು ತುಂಬ್ತಾರೆ. ಮೇಲೆ ಅರಿವೆ, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಬಂಗಾರದಂಥ ಹೊಳಪಿಗೆ ತವರ ಹದಮಾಡಿ ಹಚ್ಚಿ ಉಜ್ಜೋ ವಿದ್ಯೆಯೂ ಇದೆ.

ಅಲ್ಲಿನ ಹಿರಿಯರೊಬ್ಬರಿಗೆ ಒರೆ ತೋರಿಸಿದೆವು. ಅವರು ಬಹಳ ಹೊತ್ತು ತಿರುಗಿಸಿ ನೋಡಿ, ಸೀಳು ಕೂಡಿಸಿ ಕೊಡ್ತೀನಿ, ಬಣ್ಣ ಮಾತ್ರ ಮುಟ್ಟಲ್ಲ ಅಂದರು. ಮಾವ, ದುಡ್ಡು ಕೊಡ್ತೀವಿ ಅಂದರು. ಅದಕ್ಕವರು ನನ್ನ ಕಡೆ ತಿರುಗಿ, "ತಮ್ಮಾ, ಇದ್ದದ್ದು ಇರ್ಲಿ. ಹೋದದ್ದರ ಮ್ಯಾಲ ನಾ ಬರದ್ರ, ಯಾವುದು ಹಳೇದು ಯಾವುದು ನಂದು ಅಂತ ನಿನ್ನ ಮಗಗ ಗೊತ್ತಾಗಂಗಿಲ್ಲ" ಅಂದರು. ಮ್ಯೂಸಿಯಂನವರು ಪುಸ್ತಕ ಬರೆದು ಹೇಳೋದನ್ನ ಅವರು ಚಾಪೆ ಮೇಲೆ ಕೂತು ಹೇಳಿದರು. ಹುಣಸೆ ಬೀಜದ ಅಂಟಿನ ದೊಡ್ಡ ಗುಣವೂ ಅವರ ಮಾತಿನಿಂದಲೇ ತಿಳೀತು: ಬೇಡ ಅಂದರೆ ನೀರು ತಾಗಿಸಿ ಮೆತ್ತಗೆ ಮಾಡಿ ಬಿಡಿಸಬಹುದು. ನಾಳೆ ನಮಗಿಂತ ತಿಳಿದವರು ಬಂದರೆ ನಮ್ಮ ಕೆಲಸ ತೆಗೆದು ಹಾಕೋಕೆ ಅವರಿಗೆ ದಾರಿ ಇರುತ್ತೆ. ಅರಾಲ್ಡೈಟ್, ಫೆವಿಕ್ವಿಕ್ ಆ ದಾರಿ ಮುಚ್ಚುತ್ತವೆ.

ಇದಕ್ಕೆ ಎದುರು ವಾದ ಇದೆ, ನ್ಯಾಯವಾದದ್ದೇ. ಇದೇ ಚಿತ್ರಗಾರರು ಊರ ದ್ಯಾಮವ್ವನ ಮರದ ಮೂರ್ತಿಗೆ ಜಾತ್ರೆ ಮುಂದೆ ಹೊಸ ಬಣ್ಣ ಬರೀತಾರಲ್ಲ, ಅದು ತಪ್ಪಾ? ಅಲ್ಲ. ಅವ್ವ ಊರಿಗೆ ಜೀವಂತ ದೇವರು, ಬಣ್ಣ ಬರೆಯೋದೇ ಅವಳ ಸೇವೆ. ಅದಕ್ಕೊಂದು ಕ್ರಮ ಇದೆ, ಮಾಡೋವ್ರಿದ್ದಾರೆ. ಖಂಡೆಗೂ ಪೂಜೆ ಇದೆಯಲ್ಲ ಅಂತ ನನ್ನ ಗೆಳೆಯ ಕೇಳಿದ. ಇದೆ. ಪೂಜೆ ಬೇಡ ಅಂತ ನಾನು ಹೇಳ್ತಿಲ್ಲ. ಅಜ್ಜಿ ಬದುಕಿರೋವರೆಗೆ ಹೇಳೋ ಧೈರ್ಯವೂ ಇಲ್ಲ. ಅವಳ ಕಾಲದಲ್ಲಿ ಅಲಗಿಗೆ ಎಣ್ಣೆ ಸವರಿ, ಅರಿವೆಯಲ್ಲಿ ಒರೆಸಿ ಇಡ್ತಿದ್ದರಂತೆ, ತಿಕ್ಕುತ್ತಿರಲಿಲ್ಲ. ಕನ್ನಡಿ ಹೊಳಪಿನ ಆಸೆ ನಮ್ಮ ಕಾಲದ್ದು.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳೋದು: "ಮಾರಿದ್ರೆ ಎಷ್ಟು ಬರುತ್ತೆ?" 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್‌ನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಖಡ್ಗ 1.4 ಕೋಟಿ ಪೌಂಡಿಗೆ, ಅಂದರೆ ಸುಮಾರು 140 ಕೋಟಿ ರೂಪಾಯಿಗೆ ಹೋದ ಮೇಲೆ ಈ ಕಾಯಿಲೆ ಜಾಸ್ತಿಯಾಗಿದೆ. ಆ ಬೆಲೆ ಬಂದದ್ದು ಅದು ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋ ದಾಖಲೆಗೆ. ಅದೇ ಅಳತೆಯ, ಅದೇ ತೂಕದ ಅನಾಮಧೇಯ ಅಲಗಿಗೆ ಆ ಬೆಲೆ ಇಲ್ಲ. ನೂರು ವರ್ಷ ದಾಟಿದ ಇಂಥ ವಸ್ತುವನ್ನ ನಾವು ನೀವು ದೇಶದಾಚೆ ಕಳಿಸೋ ಹಾಗೂ ಇಲ್ಲ, 1972ರ ಕಾಯ್ದೆ ಇದೆ.

ನಮ್ಮ ಕ್ಯಾಂಪಸ್‌ನಿಂದ ಏನು ಮಾಡಬಹುದು? ಬಹಳ ಇದೆ, ಗ್ರೈಂಡರ್ ಇಲ್ಲದೆ. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಫೋಟೋ ತೆಗೆದರೆ ಕಣ್ಣಿಗೆ ಕಾಣದ ಮುದ್ರೆ ಕಾಣುತ್ತೆ, ಅದಕ್ಕೆ ಮೊಬೈಲ್ ಟಾರ್ಚ್ ಸಾಕು. ಉದ್ದ, ತೂಕ, ಬುಡದಲ್ಲಿ ಮತ್ತು ತುದಿಯಲ್ಲಿ ದಪ್ಪ, ಯಾವ ಬಿಂದುವಿನಲ್ಲಿ ತೂಗಿ ನಿಲ್ಲುತ್ತೆ, ಇವನ್ನ ಬರೆದಿಡಬಹುದು. ಮನೆಯ ಹಿರಿಯರು ಹೇಳೋ ಕಥೆಯನ್ನ, ಅದು ಬುರುಡೆ ಅನ್ನಿಸಿದರೂ, ರೆಕಾರ್ಡ್ ಮಾಡಬಹುದು. ದಿಪೊನೆಗೊರೊನ ಕ್ರಿಸ್ ಸಿಕ್ಕಿದ್ದು ಬರೆದಿಟ್ಟ ಮಾತಿನಿಂದ. ಎಕ್ಸ್‌ಆರ್‌ಎಫ್ ಯಂತ್ರ ಇರೋ ಕಡೆ ಒಯ್ದರೆ ಕೊಯ್ಯದೆಯೇ ಲೋಹದಲ್ಲಿ ಬೇರೆ ಏನೇನು ಬೆರೆತಿದೆ ಅಂತ ಸ್ವಲ್ಪ ಮಟ್ಟಿಗೆ ತಿಳಿಯಬಹುದು, ಇಂಗಾಲದ ಲೆಕ್ಕ ಮಾತ್ರ ಅದು ಕೊಡಲ್ಲ. ನಮ್ಮ ಕ್ಲಾಸಿನವನೊಬ್ಬ "ರಾಕ್‌ವೆಲ್ ಟೆಸ್ಟ್ ಮಾಡೋಣ್ವಾ?" ಅಂದ. ಅಜ್ಜಿಯ ಖಡ್ಗಕ್ಕೆ ವಜ್ರದ ಮೊನೆಯಿಂದ ತೂತು! ನಾನು ಅವನಿಗಿಂತ ಬಹಳ ಬುದ್ಧಿವಂತ ಏನಲ್ಲ ಅಂತ ನೆನಪಾಗಿ ಸುಮ್ಮನಾದೆ.

ತುಕ್ಕಿನಲ್ಲೂ ಎರಡು ಥರ ಇದೆ. ಕಿತ್ತಳೆ ಬಣ್ಣದ ಪುಡಿ ಕೈಗೆ ಅಂಟಿದರೆ ಅದು ಇನ್ನೂ ತಿನ್ನುತ್ತಿರೋ ತುಕ್ಕು. ತೆಳು ಎಣ್ಣೆ ಹಾಕಿ ನೆನೆಸಿ ಮೆತ್ತನೆ ಅರಿವೆಯಿಂದ ನಿಧಾನಕ್ಕೆ ಒರೆಸಬೇಕು. ಗಟ್ಟಿಯಾಗಿ ಕೂತ ಕಪ್ಪು-ಕಂದು ಪದರ ಅಲಗಿನ ಚರ್ಮದಂತೆ, ಅದನ್ನ ಬಿಡಬೇಕು. ಬರಿಗೈಲಿ ಅಲಗು ಮುಟ್ಟಬಾರದು, ಬೆವರಿನ ಉಪ್ಪು ಸಾಕು ಹೊಸ ತುಕ್ಕಿಗೆ. ಒರೆಯೊಳಗೆ ಹಾಕಿ ವರ್ಷಗಟ್ಟಲೆ ಇಡಲೂಬಾರದು, ಮರ ತೇವ ಹಿಡಿಯುತ್ತೆ. ನಮ್ಮದನ್ನ ಈಗ ಎಣ್ಣೆ ಸವರಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇವೆ, ಒರೆ ಪಕ್ಕದಲ್ಲಿ ಬೇರೆ.

ಅಮ್ಮನ ಫೋನಿನ ಆ ಫೋಟೋವನ್ನ ಎಷ್ಟು ಸಲ ಜೂಮ್ ಮಾಡಿದ್ದೀನೋ. ವಾಟ್ಸಾಪ್‌ನಲ್ಲಿ ಮೂರು ಮನೆ ತಿರುಗಿ ಬಂದದ್ದು, ಗುರುತು ಇರೋ ಜಾಗ ಬರೀ ಚೌಕಚೌಕ. ಒಮ್ಮೆ ಅರ್ಧಚಂದ್ರ ಅನ್ನಿಸುತ್ತೆ, ಒಮ್ಮೆ ಮೂರು ಚುಕ್ಕೆ, ಒಮ್ಮೆ ಬರೀ ಕುಂಕುಮದ ನೆರಳು.

ಮೊನ್ನೆ ಮಾವ ಫೋನ್ ಮಾಡಿದ್ದರು. "ಈ ಸಲ ಖಂಡೆ ಪೂಜಿಗೆ ಏನ್ ಹಚ್ಚೂಣಪಾ?"

"ಒರಿಗೆ ಹೂವು ಇಡ್ರಿ ಮಾವ. ಅಲಗಿಗೆ ಏನೂ ಬ್ಯಾಡ್ರಿ."

"ಕುಂಕುಮ?"

"ಅದೂ ಒರಿಗೇ."

"ಲಿಂಬಿಹಣ್ಣು?"

"ಅದನ್ನ ಟ್ರ್ಯಾಕ್ಟರ್ ಗಾಲಿ ಕೆಳಗ ಇಡ್ರಿ."